ಅಲ್ಲಾಡುವ ಹಲ್ಲು ಕೀಳಿಸುವ ಮುನ್ನ

ಮುಂಬಯಿಯಲ್ಲಿ ದವಡೆಯ ಕ್ಯಾನ್ಸರ್ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಗುಟ್ಕಾ, ಅಡಿಕೆಗೆ ತಂಬಾಕು ಬೆರೆಸಿದ ಮಾವಾ. ಅದು ತಪ್ಪಲ್ಲ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಬಾಯಿ ಕ್ಯಾನ್ಸರ್ ಎಂದು ಬರುವವರಲ್ಲಿ ಬಹುಪಾಲು ಜನರ ರೋಗ ಕೆನ್ನೆಯ ಒಳಪದರದಲ್ಲೋ ವಸಡಿನಲ್ಲೋ ಹುಟ್ಟಿದ್ದು. ಮೂಳೆಗೆ ಅದು ಇಳಿಯುವುದು ಆಮೇಲೆ. ಆದರೆ ಮೂಳೆಯ ಒಳಗೇ ಹುಟ್ಟುವ ಕ್ಯಾನ್ಸರುಗಳೂ ಇವೆ. ಮೂಳೆ ಕಟ್ಟುವ ಜೀವಕೋಶಗಳು ಕೆಟ್ಟು ಬರುವ ಆಸ್ಟಿಯೋಸಾರ್ಕೋಮಾ ಒಂದು. ಹಲ್ಲು ಮೂಡುವಾಗ ಎನಾಮೆಲ್ ಕಟ್ಟಿದ ಅಂಗಾಂಶದ ಉಳಿಕೆಯಿಂದ ಬರುವ ಅಮೆಲೋಬ್ಲಾಸ್ಟಿಕ್ ಕಾರ್ಸಿನೋಮಾ ಇನ್ನೊಂದು. ಇದು ಇನ್ನೂ ಅಪರೂಪ. ಇವು ತಂಬಾಕು ತಿನ್ನುವವರನ್ನೇ ಹುಡುಕಿಕೊಂಡು ಬರುವುದಿಲ್ಲ. ಮಾಟುಂಗದ ಹೋಟೆಲಿನ ಗಲ್ಲೆಯಲ್ಲಿ ಕೂರುವ, ಅಡಿಕೆಯನ್ನೂ ಬಾಯಿಗೆ ಹಾಕದ ಮೂವತ್ತೈದರ ಯುವಕ ‘ನನಗೆಲ್ಲಿಯ ಕ್ಯಾನ್ಸರ್’ ಎಂದುಕೊಳ್ಳುವುದು ಸಹಜ. ತೊಂದರೆ ಶುರುವಾಗುವುದೇ ಅಲ್ಲಿ.

ಕಾಲಿನ ಮೂಳೆಯ ಆಸ್ಟಿಯೋಸಾರ್ಕೋಮಾ ಹೆಚ್ಚಾಗಿ ಹದಿಹರೆಯದಲ್ಲಿ ಬರುತ್ತದೆ. ದವಡೆಯದು ಹತ್ತಿಪ್ಪತ್ತು ವರ್ಷ ತಡವಾಗಿ, ಮೂವತ್ತು ನಲವತ್ತರ ಪ್ರಾಯದಲ್ಲಿ. ಮೊದಲ ಗುರುತು ಊತ, ಇಲ್ಲವೇ ಹುಳುಕಿಲ್ಲದ ಗಟ್ಟಿ ಹಲ್ಲು ಕಾರಣವಿಲ್ಲದೆ ಅಲ್ಲಾಡುವುದು. ಕೆಳದವಡೆಯಲ್ಲಾದರೆ ಇನ್ನೊಂದು ಗುರುತಿದೆ, ಇದನ್ನು ಎಂದೂ ಹಗುರಾಗಿ ತೆಗೆದುಕೊಳ್ಳಬಾರದು: ಕೆಳತುಟಿ ಮತ್ತು ಗದ್ದದ ಒಂದು ಪಕ್ಕ ಜೋಮು ಹಿಡಿಯುವುದು. ಲೋಟದ ಅಂಚು ತುಟಿಗೆ ತಾಗಿದ್ದು ಅರ್ಧಕ್ಕೆ ಮಾತ್ರ ತಿಳಿಯುತ್ತದೆ. ಆ ಭಾಗಕ್ಕೆ ಸ್ಪರ್ಶ ಕೊಡುವ ನರ ಕೆಳದವಡೆಯ ಮೂಳೆಯೊಳಗಿನ ಕಾಲುವೆಯಲ್ಲೇ ಹಾದುಬರುತ್ತದೆ. ಗಡ್ಡೆ ಅದನ್ನು ಒತ್ತಿದರೆ ತುಟಿ ಮರಗಟ್ಟುತ್ತದೆ. ಹಲ್ಲಿನ ಸೋಂಕಿನಿಂದಲೂ ಹೀಗಾಗುವುದುಂಟು, ಆದರೆ ಹಾಗೆಂದು ಊಹಿಸಿ ಸುಮ್ಮನಾಗುವಂತಿಲ್ಲ.

ಇಂಥ ಹಲ್ಲನ್ನು ಎಕ್ಸ್‌ರೇ ಇಲ್ಲದೆ ಕಿತ್ತರೆ ಗುಣಿ ಮಾಯುವುದಿಲ್ಲ. ಎರಡು ಮೂರು ವಾರದಲ್ಲಿ ಅಲ್ಲಿಂದ ಮಾಂಸ ಉಬ್ಬಿ ಹೊರಬರುತ್ತದೆ. ಮೂಳೆಯ ಗೋಡೆ ಒಡೆದು ಗಡ್ಡೆಗೆ ಹೊರದಾರಿ ಸಿಕ್ಕಂತಾಗುತ್ತದೆ. ಆದ್ದರಿಂದ ಮೊದಲು ಇಡೀ ದವಡೆಯ ಓಪಿಜಿ ಎಕ್ಸ್‌ರೇ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಕಾಲು ಮಿಲಿಮೀಟರ್ ಆಸುಪಾಸಿನ ಕಪ್ಪು ಗೆರೆಯೊಂದು ಕಾಣುತ್ತದೆ. ಒಂದೆರಡು ಹಲ್ಲುಗಳ ಸುತ್ತ ಮಾತ್ರ ಆ ಗೆರೆ ಎರಡೂ ಬದಿಗೆ ಸಮವಾಗಿ ಅಗಲವಾಗಿದ್ದರೆ ಆಸ್ಟಿಯೋಸಾರ್ಕೋಮಾದ ಶಂಕೆ ಏಳಬೇಕು. ಸೂರ್ಯಕಿರಣದಂತೆ ಹೊರಚಾಚಿದ ಮೂಳೆಗೆರೆಗಳು ಪಠ್ಯಪುಸ್ತಕದ ಚಿತ್ರಗಳಲ್ಲಿ ಚೆನ್ನಾಗಿ ಕಾಣುತ್ತವೆ, ಎಲ್ಲ ರೋಗಿಗಳಲ್ಲೂ ಅಲ್ಲ.

ಬಯಾಪ್ಸಿಯಲ್ಲಿ ಸೂಜಿಯಿಂದ ಎಳೆದ ನಾಲ್ಕು ಕೋಶ ಸಾಲದು; ಒಳಗಿನಿಂದ ಒಳ್ಳೆಯ ತುಣುಕು ಬೇಕು. ಮೇಲಿನ ವಸಡನ್ನಷ್ಟೇ ಕತ್ತರಿಸಿ ಕಳಿಸಿದರೆ ‘ಉರಿಯೂತ’ ಎಂಬ ವರದಿ ಬಂದು ತಿಂಗಳು ಹಾಳು. ಎಲ್ಲಿ ಕೊಯ್ದರೆ ಮುಂದಿನ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಆ ಗಾಯದ ದಾರಿಯೂ ಸೇರಿಹೋಗುತ್ತದೋ ಅಲ್ಲೇ ಕೊಯ್ಯಬೇಕು. ತುಣುಕಿನ ಜೊತೆ ಎಕ್ಸ್‌ರೇಯನ್ನೂ ಕಳಿಸಬೇಕು, ಏಕೆಂದರೆ ಮುರಿದು ಕೂಡಿಕೊಳ್ಳುತ್ತಿರುವ ಮೂಳೆಯೂ ಸೂಕ್ಷ್ಮದರ್ಶಕದಡಿ ಸಾರ್ಕೋಮಾದಂತೆ ತೋರಬಲ್ಲದು. ಗಟ್ಟಿ ಮೂಳೆಯನ್ನು ತೆಳುವಾಗಿ ಸೀಳಲು ಅದರ ಸುಣ್ಣಾಂಶ ತೆಗೆಯಬೇಕಾಗುತ್ತದೆ. ಪ್ರಬಲ ಆಮ್ಲದಲ್ಲಿ ಅದು ಬೇಗ ಮುಗಿಯುತ್ತದೆ, ಆದರೆ ಡಿಎನ್‌ಎ ಕೆಡುತ್ತದೆ. ಇಡಿಟಿಎ ದ್ರಾವಣದಲ್ಲಿ ನಿಧಾನ, ಆದರೆ ಮುಂದೆ ಜೀನ್ ಪರೀಕ್ಷೆಗೆ ದಾರಿ ಉಳಿಯುತ್ತದೆ.

ಹುಬ್ಬಳ್ಳಿ, ಬೆಳಗಾವಿ, ಕಾರವಾರದಿಂದ ಪರೇಲಿಗೆ ಹೊರಡುವವರು ವರದಿಯ ಕಾಗದವಷ್ಟೇ ಹಿಡಿದು ಬಂದರೆ ಬಯಾಪ್ಸಿ ಮತ್ತೆ ಮೊದಲಿನಿಂದ ಆಗಬಹುದು. ಊರಿನ ಲ್ಯಾಬಿನಿಂದ ಸ್ಲೈಡುಗಳನ್ನೂ ಬಯಾಪ್ಸಿ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕುಗಳನ್ನೂ ಕೇಳಿ ಪಡೆಯಿರಿ. ಮೇಣ ಬಿಸಿಗೆ ಕರಗುವುದರಿಂದ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಸ್ಕ್ಯಾನಿನ ಫಿಲ್ಮಿಗಿಂತ ಸಿಡಿ ಮೇಲು.

ಮುಖ್ಯ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ. ಇಲ್ಲಿಯೇ ಶಸ್ತ್ರಚಿಕಿತ್ಸಕರನ್ನು ಮೂಳೆ ಕಾಡುತ್ತದೆ. ಕೆನ್ನೆಯ ಮಾಂಸವಾದರೆ ಅಂಚಿನ ಚೂರನ್ನು ಹೆಪ್ಪುಗಟ್ಟಿಸಿ, ರೋಗಿ ಮೇಜಿನ ಮೇಲಿರುವಾಗಲೇ ಅರ್ಧ ಗಂಟೆಯೊಳಗೆ ಪರೀಕ್ಷಿಸಬಹುದು. ಗಟ್ಟಿ ಮೂಳೆಯನ್ನು ಹಾಗೆ ಸೀಳಲಾಗದು. ಅಂಚು ಶುದ್ಧವೇ, ಅಲ್ಲಿ ಕ್ಯಾನ್ಸರ್ ಉಳಿದಿಲ್ಲವೇ ಎಂಬ ಖಚಿತ ಉತ್ತರ ಸುಣ್ಣಾಂಶ ತೆಗೆದ ಮೇಲೆ, ದಿನಗಳು ಕಳೆದು ಬರುತ್ತದೆ. ಅಷ್ಟರಲ್ಲಿ ಹೊಸ ದವಡೆ ಕೂರಿಸಿ ಆಗಿರುತ್ತದೆ. ಹಾಗಾಗಿ ಗರಗಸ ಎಲ್ಲಿ ಇಳಿಯಬೇಕೆಂಬುದನ್ನು ಮುಂಚೆಯೇ ಎಂಆರ್‌ಐ ನೋಡಿ ತೀರ್ಮಾನಿಸಬೇಕು. ಗಡ್ಡೆ ಮಜ್ಜೆಯೊಳಗೆ ಎಷ್ಟು ದೂರ ಹರಿದಿದೆಯೆಂದು ಸಿಟಿಗಿಂತ ಎಂಆರ್‌ಐ ಚೆನ್ನಾಗಿ ತೋರಿಸುತ್ತದೆ. ಅಲ್ಲಿಂದ ಸಾಮಾನ್ಯವಾಗಿ 1.5ರಿಂದ 2 ಸೆಂಟಿಮೀಟರ್ ಆಚೆ ಕೊಯ್ಯುತ್ತಾರೆ. ಮೇಲ್ದವಡೆಯಲ್ಲಿ ಕಣ್ಣುಗುಳಿ, ತಲೆಬುರುಡೆಯ ತಳ ಹತ್ತಿರವಿರುವುದರಿಂದ ಅಷ್ಟು ಜಾಗ ಸಿಗುವುದು ಕಷ್ಟ. ರೋಗ ಮರುಕಳಿಸುವ ಭಯ ಅಲ್ಲಿ ಹೆಚ್ಚು.

ತೆಗೆದ ದವಡೆಯ ಜಾಗಕ್ಕೆ ಮೊಣಕಾಲ ಕೆಳಗಿನ ಸಣ್ಣ ಮೂಳೆ, ಫಿಬುಲಾ ಬರುತ್ತದೆ. 1989ರಲ್ಲಿ ಹಿಡಾಲ್ಗೊ ಎಂಬ ಶಸ್ತ್ರಚಿಕಿತ್ಸಕರು ದವಡೆಗೆ ಅಳವಡಿಸಿದ ವಿಧಾನವಿದು. ಇಪ್ಪತ್ತು ಸೆಂಟಿಮೀಟರಿಗೂ ಹೆಚ್ಚು ಉದ್ದದ ಮೂಳೆ ಸಿಗುತ್ತದೆ. ಮೊಣಕಾಲು, ಹರಡು ಸಡಿಲವಾಗದಂತೆ ಎರಡೂ ತುದಿಯಲ್ಲಿ 6–7 ಸೆಂಟಿಮೀಟರ್ ಬಿಡುತ್ತಾರೆ. ಮೂಳೆಯನ್ನು ದವಡೆಯ ಬಾಗಿಗೆ ತಕ್ಕಂತೆ ತುಂಡರಿಸಿ ಟೈಟೇನಿಯಂ ಪಟ್ಟಿಗೆ ಬಿಗಿದು, ಅದರ ರಕ್ತನಾಳಗಳನ್ನು ಕುತ್ತಿಗೆಯ ನಾಳಗಳಿಗೆ ಸೂಕ್ಷ್ಮದರ್ಶಕದಡಿ ಹೊಲಿಯುತ್ತಾರೆ. ಮೊದಲ ಎರಡು ಮೂರು ದಿನ ದಾದಿಯರು ಪದೇ ಪದೇ ಮೂಳೆಯ ಜೊತೆ ತಂದು ಕೂರಿಸಿದ ಚರ್ಮದ ಬಣ್ಣ ನೋಡುತ್ತಾರೆ. ನೇರಳೆಗೆ ತಿರುಗಿದರೆ ಅಭಿಧಮನಿ ಕಟ್ಟಿದೆ ಎಂದರ್ಥ, ಬಿಳಚಿಕೊಂಡರೆ ಅಪಧಮನಿ. ತಡಮಾಡದೆ ಮತ್ತೆ ತೆರೆದರೆ ಉಳಿಸಿಕೊಳ್ಳಬಹುದು.

ಉಗ್ರ ದರ್ಜೆಯ ಸಾರ್ಕೋಮಾಗೆ ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್‌ನಂಥ ಔಷಧಗಳ ಕೀಮೋ ಸೇರಿಸುತ್ತಾರೆ. ಅಂಚು ಶುದ್ಧವಾಗದಿದ್ದರೆ ರೇಡಿಯೇಶನ್. ಅದಕ್ಕೂ ಮೊದಲು ಉಳಿಯಲಾರದ ಹಲ್ಲುಗಳನ್ನು ಕೀಳಿಸಿ, ಗಾಯ ಮಾಯಲು ಎರಡು ವಾರವಾದರೂ ಬಿಡಬೇಕು. ರೇಡಿಯೇಶನ್ ಆದ ದವಡೆಯಿಂದ ಆಮೇಲೆ ಹಲ್ಲು ಕಿತ್ತರೆ ಮೂಳೆಯೇ ಕೊಳೆಯಬಹುದು.

ಈ ಸಾರ್ಕೋಮಾ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹೋಗುವುದು ಅಪರೂಪ, ಹೋದರೆ ಶ್ವಾಸಕೋಶಕ್ಕೆ. ಆದ್ದರಿಂದ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆಯಾದರೂ ತಪಾಸಣೆ, ಅದರಲ್ಲಿ ಎದೆಯ ಚಿತ್ರವೂ ಸೇರಿರಬೇಕು. ಇದಕ್ಕಾಗಿ ಪ್ರತಿ ಸಲ ಮುಂಬಯಿಗೆ ಬರಲಾಗದವರು ವೈದ್ಯರನ್ನು ಕೇಳಿ ಊರಲ್ಲೇ ಸಿಟಿ ಮಾಡಿಸಬಹುದು. ಹಳೆಯ ಸಿಡಿಯನ್ನೂ ಒಯ್ದು ರೇಡಿಯಾಲಜಿಸ್ಟರಿಗೆ ಕೊಡಿ: ನಾಲ್ಕು ಮಿಲಿಮೀಟರಿನ ಚುಕ್ಕೆ ಹೊಸದೋ ಹಳೆಯದೋ ಎಂಬುದು ಹೋಲಿಸಿದರೆ ಮಾತ್ರ ಗೊತ್ತಾಗುತ್ತದೆ. ಒಂದೆರಡೇ ಇದ್ದಾಗ ಕಂಡುಹಿಡಿದರೆ ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಲು ಸಾಧ್ಯವಿದೆ.