ಗಾಜಿನಾಚೆಯಿಂದ ಬೀಸಿದ ಕೈ

ಅಮೆರಿಕದ ಅಯೋವಾ ಸಿಟಿಯ ಕಿನ್ನಿಕ್ ಕ್ರೀಡಾಂಗಣದಲ್ಲಿ ಶನಿವಾರದ ಫುಟ್‌ಬಾಲ್ ಪಂದ್ಯ. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಎದೆಗವಚಿಕೊಂಡು ಓಡುತ್ತಾರಲ್ಲ, ಆ ಆಟ. ಸುಮಾರು 70 ಸಾವಿರ ಜನ ಹಿಡಿಸುವ ಜಾಗ. ಆಟದ ಮೊದಲ ಕಾಲು ಭಾಗ ಮುಗಿದ ಕೂಡಲೇ ಎಲ್ಲರೂ ಮೈದಾನದಿಂದ ಕಣ್ಣು ತೆಗೆದು ಒಂದೇ ಕಡೆ ತಿರುಗುತ್ತಾರೆ. ಪಕ್ಕದಲ್ಲೇ ಎತ್ತರಕ್ಕೆ ನಿಂತಿರುವುದು ಮಕ್ಕಳ ಆಸ್ಪತ್ರೆ. ಆಟಗಾರರು, ಎದುರು ತಂಡದವರು, ರೆಫರಿಗಳು, ಪ್ರೇಕ್ಷಕರು ಎಲ್ಲರೂ ಕೈ ಎತ್ತಿ ಬೀಸುತ್ತಾರೆ. ಮೇಲೆ, 12ನೇ ಮಹಡಿಯ ದೊಡ್ಡ ಕಿಟಕಿಗಳಲ್ಲಿ ಮಕ್ಕಳು. ಕೆಲವರ ತಲೆಯಲ್ಲಿ ಕೂದಲಿಲ್ಲ, ಪಕ್ಕದಲ್ಲಿ ಡ್ರಿಪ್ ಸ್ಟ್ಯಾಂಡ್. ಅವರೂ ಕೈ ಬೀಸುತ್ತಾರೆ.

ಒಬ್ಬ ಅಭಿಮಾನಿಯ ಸಲಹೆಯಿಂದ 2017ರಲ್ಲಿ ಶುರುವಾದ ಈ ಪದ್ಧತಿಗೆ 'ಅಯೋವಾ ವೇವ್' ಅಂತ ಹೆಸರು. ವಿಡಿಯೋ ನೋಡಿದಾಗಲೆಲ್ಲ ನನ್ನ ಕಣ್ಣು ಒದ್ದೆಯಾಗುತ್ತದೆ. ಜೊತೆಗೆ ಒಂದು ಪ್ರಶ್ನೆಯೂ ಕಾಡುತ್ತದೆ. ಆ ಕ್ಷಣದಲ್ಲಿ ಮಗುವಿನ ಮೈಯೊಳಗೆ ಏನು ನಡೆಯುತ್ತದೆ?

ಮೊದಲು ಆ ಗಾಜಿನ ಮಾತು. ಆ ಮಕ್ಕಳಲ್ಲಿ ಕೆಲವರಿಗೆ ಕ್ಯಾನ್ಸರ್. ಅದಕ್ಕೆ ಕೊಡುವ ಕೀಮೋ ಔಷಧಿ ಬೇಗ ಬೇಗ ಹೆಚ್ಚುವ ಜೀವಕೋಶಗಳನ್ನು ಹುಡುಕಿ ಹೊಡೆಯುತ್ತದೆ. ಕ್ಯಾನ್ಸರ್ ಕೋಶಗಳಷ್ಟೇ ಅಲ್ಲ, ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಗಳೂ ಅದಕ್ಕೆ ಸಿಕ್ಕಿಬೀಳುತ್ತವೆ. ಅವುಗಳಲ್ಲಿ ಸೋಂಕಿನ ವಿರುದ್ಧ ಮೊದಲು ನುಗ್ಗುವ ನ್ಯೂಟ್ರೊಫಿಲ್‌ಗಳ ಸಂಖ್ಯೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗಿಳಿದರೆ ಸಣ್ಣ ಜ್ವರವೂ ಪ್ರಾಣಕ್ಕೆ ಬರಬಹುದು. ಅದಕ್ಕೇ ಆ ಮಗುವಿಗೆ ಶಾಲೆ ಇಲ್ಲ, ಜಾತ್ರೆ ಇಲ್ಲ, ಹುಟ್ಟುಹಬ್ಬಕ್ಕೆ ಗೆಳೆಯರೂ ಇಲ್ಲ. ಜನ ಅಂದರೆ ಅಪಾಯ. ಅಂಥ ಮಗುವಿನ ಹತ್ತಿರ ಇಡೀ ಕ್ರೀಡಾಂಗಣವೇ ಬರುತ್ತದೆ, ಒಂದು ರೋಗಾಣುವನ್ನೂ ತರದೆ!

ಇನ್ನೊಂದು ವಿಷಯ ನನಗೆ ಇದಕ್ಕಿಂತ ದೊಡ್ಡದು ಅನಿಸುತ್ತದೆ. ಕೀಮೋ ಪಡೆಯುವ ಕೆಲವರಿಗೆ ಔಷಧಿ ಮೈಗೆ ಸೇರುವ ಮೊದಲೇ ವಾಂತಿ ಬರುತ್ತದೆ. ಆಸ್ಪತ್ರೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳಸುತ್ತದೆ. ಇದು ನಾಟಕ ಅಲ್ಲ. ಗಂಟೆಯ ಹಿಂದೆ ಊಟ ಬರುತ್ತದೆ ಅಂತ ಅದರ ಸದ್ದಿಗೇ ಜೊಲ್ಲು ಸುರಿಸಲು ಕಲಿತ, ರಷ್ಯಾದ ವಿಜ್ಞಾನಿ ಪಾವ್ಲೊವ್‌ನ ನಾಯಿಯ ಹಾಗೆ, ಈ ವಾಸನೆಯ ಹಿಂದೆ ಸಂಕಟ ಇದೆ ಅಂತ ದೇಹ ಕಲಿತುಬಿಟ್ಟಿರುತ್ತದೆ. ನಾಳೆ ಅಂದರೆ ಸೂಜಿ, ನಾಡಿದ್ದು ಅಂದರೆ ವಾಂತಿ.

ಆದರೆ ಮಿದುಳು ಒಳ್ಳೆಯದನ್ನೂ ಹೀಗೇ ಕಲಿಯುತ್ತದೆ. ನರವಿಜ್ಞಾನಿ ವುಲ್ಫ್ರಾಂ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು, ಬಹುಮಾನದ ಸುದ್ದಿ ಸಾರುವ ಮಿದುಳಿನ ರಾಸಾಯನಿಕ ಡೋಪಮಿನ್ ಅನ್ನು ಹೊರಬಿಡುವ ನರಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಅವು ಚುರುಕಾಗುತ್ತಿದ್ದವು. ಕೋತಿಗಳು ಕಲಿತ ಮೇಲೆ, ರಸ ಬರುತ್ತದೆ ಎಂಬ ಸೂಚನೆ ಕಂಡಾಗಲೇ ಚುರುಕಾದವು. ಅಂದರೆ ಮಗುವಿಗೆ ಶನಿವಾರದ ಖುಷಿ ಶನಿವಾರವೇ ಶುರುವಾಗಬೇಕಿಲ್ಲ. 'ಇನ್ನು ಎರಡೇ ದಿನ ಅಲ್ವಾ ಅಮ್ಮಾ?' ಅನ್ನುವಾಗಲೇ ಅದು ಬಂದಿರುತ್ತದೆ.

ನೋವಿನ ಲೆಕ್ಕವೂ ಸ್ವಲ್ಪ ಬದಲಾಗುತ್ತದೆ. ನೋವಿನ ಸಂದೇಶ ಬೆನ್ನುಹುರಿಯಲ್ಲಿ ಒಂದು ಬಾಗಿಲು ದಾಟಬೇಕು, ಅದನ್ನು ಮಿದುಳು ಮೇಲಿಂದ ಕೊಂಚ ಮುಚ್ಚಬಲ್ಲದು ಎಂಬ ವಿಚಾರವನ್ನು 1965ರಲ್ಲಿ ವಿಜ್ಞಾನಿಗಳಾದ ಮೆಲ್ಜ್ಯಾಕ್ ಮತ್ತು ವಾಲ್ ಮುಂದಿಟ್ಟರು. ವಿವರಗಳು ಆಮೇಲೆ ತಿದ್ದುಪಡಿಯಾದರೂ ಮೂಲ ಮಾತು ನಿಂತಿದೆ. ಗಮನ ಬೇರೆಡೆ ಹೋದರೆ ನೋವು ನಿಜವಾಗಿಯೂ ಕಡಿಮೆ ಅನಿಸುತ್ತದೆ. ಸೂಜಿ ಚುಚ್ಚುವಾಗ ನರ್ಸ್ ಮಾತಿಗೆಳೆಯುವುದು ಸುಮ್ನೆ ಅಲ್ಲ.

ಕೈ ಬೀಸಿದರೆ ಗೆಡ್ಡೆ ಕರಗುವುದಿಲ್ಲ. ಅದು ಔಷಧಿಯ, ಶಸ್ತ್ರಚಿಕಿತ್ಸೆಯ ಕೆಲಸ. ಆದರೆ ರಕ್ತದ ಕ್ಯಾನ್ಸರಿನ ಚಿಕಿತ್ಸೆ ಎರಡು ಮೂರು ವರ್ಷ ನಡೆಯಬಹುದು. ಅಷ್ಟೂ ದಿನ ಮಗು ಬದುಕಬೇಕಲ್ಲ, ಬರೀ ಉಳಿದುಕೊಂಡರೆ ಸಾಕೇ? ದಿನಪೂರ್ತಿ ಬೇರೆಯವರು ಹೇಳಿದಂತೆ ಕೈ ಚಾಚಿ, ಬಾಯಿ ತೆರೆದು ಸಾಕಾದ ಮಗು ಇಲ್ಲಿ ತಾನೇ ಕೈ ಎತ್ತುತ್ತದೆ. ಕೆಳಗಿನಿಂದ ಸಾವಿರಾರು ಜನ ಉತ್ತರ ಕೊಡುತ್ತಾರೆ.

ಪಂದ್ಯ ರಾತ್ರಿ ಇದ್ದರೆ ಕೆಳಗಿನವರು ಮೊಬೈಲ್ ಟಾರ್ಚ್ ಹಚ್ಚಿ ಬೀಸುತ್ತಾರೆ. ಮೇಲಿನ ಕತ್ತಲ ಕಿಟಕಿಗಳಲ್ಲೂ ಒಂದೊಂದಾಗಿ ಪುಟ್ಟ ಬೆಳಕುಗಳು ಅಲ್ಲಾಡತೊಡಗುತ್ತವೆ.