ವಸಾಹತು ನಿಧಾನವಾದರೆ ಸಾಲದು: ಯುರೋಪಾ ಯೂನಿವರ್ಸಾಲಿಸ್ 4 ಮಾಡಿಂಗ್ ಟಿಪ್ಪಣಿ

ಒಂದು ದೇಶವನ್ನು ಶತಮಾನಗಳ ಕಾಲ ನಡೆಸುವ ಕಂಪ್ಯೂಟರ್ ಗೇಮ್ ಯುರೋಪಾ ಯೂನಿವರ್ಸಾಲಿಸ್ 4 ಆಡಿದವರಿಗೆ ಈ ಕಿರಿಕಿರಿ ಗೊತ್ತೇ ಇರುತ್ತದೆ. ಗೇಮ್ ಶುರುವಾಗುವುದು 1444ರಲ್ಲಿ. 1600 ಬರುವಷ್ಟರಲ್ಲಿ ಉತ್ತರ ಅಮೆರಿಕದ ಪೂರ್ವ ಕರಾವಳಿಗೆಲ್ಲ ಯಾರೋ ವಸಾಹತು ಹೂಡಿ, ನಕ್ಷೆಯಲ್ಲಿ ತಮ್ಮ ದೇಶದ ಬಣ್ಣ ಬಳಿದು ಮುಗಿಸಿರುತ್ತಾರೆ, ಕೆಲವೊಮ್ಮೆ ಆಫ್ರಿಕಾದ ಒಳನಾಡಿಗೂ. ನಿಜವಾದ 1600ರಲ್ಲಿ ಆ ಕರಾವಳಿಯಲ್ಲಿ ಇಂಗ್ಲಿಷರ ಒಂದೂ ಊರು ನೆಲೆ ನಿಂತಿರಲಿಲ್ಲ. ಸ್ಪೇನ್ 1565ರಲ್ಲಿ ಫ್ಲೋರಿಡಾದಲ್ಲಿ ಕಟ್ಟಿದ ಸೇಂಟ್ ಆಗಸ್ಟೀನ್ ಬಿಟ್ಟರೆ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ.

ಗೇಮ್‌ನ ಫೈಲ್‌ಗಳನ್ನು ನಾವೇ ತಿದ್ದುವುದು ಮಾಡಿಂಗ್, ಹಾಗೆ ತಿದ್ದಿದ ಕಟ್ಟು ಮಾಡ್. ಅದರಿಂದ ಇದನ್ನು ಸರಿಮಾಡಲು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ವಸಾಹತಿನ ಬೆಳವಣಿಗೆಯ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುವುದು. ಮಾಡಿ ನೋಡಿ. ಅದೇ ತಪ್ಪು ನಕ್ಷೆ ಇನ್ನೊಂದಿಷ್ಟು ವರ್ಷ ತಡವಾಗಿ ಬರುತ್ತದೆ, ಅಷ್ಟೇ. ತೊಂದರೆ ವೇಗದ್ದಲ್ಲ. ಗೇಮ್‌ನಲ್ಲಿ ಎಲ್ಲ ವಸಾಹತುಗಳೂ ಒಂದೇ ರೀತಿ ಬೆಳೆಯುತ್ತವೆ, ತೊಂದರೆ ಇರುವುದು ಅಲ್ಲಿ.

ಗೇಮ್ ಒಳಗೆ ಏನು ನಡೆಯುತ್ತದೆ

ನಕ್ಷೆಯ ಒಂದು ಖಾಲಿ ಪ್ರಾವಿನ್ಸ್‌ಗೆ, ಅಂದರೆ ಪ್ರಾಂತ್ಯಕ್ಕೆ, ವಸಾಹತು ಕಟ್ಟಲು ಒಬ್ಬ ಕಾಲೊನಿಸ್ಟ್‌ನನ್ನು ಕಳಿಸುತ್ತೀರಿ. ತಿಂಗಳು ತಿಂಗಳು ಖರ್ಚು ಕೊಡುತ್ತೀರಿ. ವಲಸಿಗರ ಸಂಖ್ಯೆ 1000 ಮುಟ್ಟಿದ ಕೂಡಲೇ ಅದು ಪೂರ್ಣ ಪ್ರಾವಿನ್ಸ್. ಮೋಟರ್ ಹಾಕಿ ಓವರ್‌ಹೆಡ್ ಟ್ಯಾಂಕ್ ತುಂಬಿಸಿದ ಹಾಗೆ. ನಡುವೆ ಸ್ಥಳೀಯರು ದಾಳಿ ಮಾಡಿದರೆ ಸ್ವಲ್ಪ ಸೋರಿಕೆ, ಅದಕ್ಕೊಂದು ಪುಟ್ಟ ಸೈನ್ಯ ನಿಲ್ಲಿಸಿದರೆ ಆ ಚಿಂತೆಯೂ ಇಲ್ಲ. ಒಂದು ವಸಾಹತು ಪ್ರದೇಶದಲ್ಲಿ ಇಂಥ ಐದು ಪ್ರಾವಿನ್ಸ್ ಪೂರ್ತಿಯಾಗಿ ಕೋರ್ ಆದರೆ, ಅಂದರೆ ದೇಶದ ಸ್ವಂತ ನೆಲ ಅಂತ ಲೆಕ್ಕಕ್ಕೆ ಬಂದರೆ, ನಿಮ್ಮ ಅಧೀನದ ವಸಾಹತು ರಾಷ್ಟ್ರ ತಾನಾಗಿ ಹುಟ್ಟುತ್ತದೆ. ಹವಾಮಾನಕ್ಕೆ ಒಂದಿಷ್ಟು ಕಡಿತ ಇದೆ ನಿಜ, ಆದರೆ ಆ ಕಡಿತ ಕಾಂಗೋಗೂ ಒಂದೇ, ಬಾರ್ಬಡೋಸ್‌ಗೂ ಒಂದೇ.

ಈಗ ವರ್ಜೀನಿಯಾದಲ್ಲಿ ಇಂಗ್ಲಿಷರು ಕಟ್ಟಿದ ಜೇಮ್ಸ್‌ಟೌನ್ ನೋಡಿ. 1607ರ ಮೇ ತಿಂಗಳಲ್ಲಿ ಇಳಿದವರು 104 ಜನ. 1608ರ ಜನವರಿಯಲ್ಲಿ ಸಾಮಾನು ಹೊತ್ತ ಹಡಗು ಬಂದಾಗ ಬದುಕಿದ್ದವರು 38. ಆಮೇಲೆ ಜನ ಬರುತ್ತಲೇ ಹೋದರು, 1609ರ ಕೊನೆಗೆ ಕೆಲವು ನೂರಾದರು, 1610ರ ವಸಂತದ ಹೊತ್ತಿಗೆ ಮತ್ತೆ 60ರ ಆಸುಪಾಸಿಗೆ ಇಳಿದರು. ಅಲ್ಲಿ ನದಿ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತಿತ್ತು. ಆಮಶಂಕೆ, ಟೈಫಾಯಿಡ್ ಬೇರೆ. ಮರದ ಉಂಗುರಗಳನ್ನು ಓದಿದವರು ಹೇಳುವಂತೆ 1606ರಿಂದ 1612ರವರೆಗೆ ಆ ಭಾಗದಲ್ಲಿ ಘೋರ ಬರ. ಮೆಕ್ಕೆಜೋಳಕ್ಕಾಗಿ ಇವರು ಅಲ್ಲಿನ ಮೂಲನಿವಾಸಿಗಳಾದ ಪೌಹಟನ್ ಜನರ ಬಾಗಿಲಿಗೆ ಹೋಗಬೇಕಿತ್ತು, ಬರದಲ್ಲಿ ಅವರ ಹತ್ತಿರವೂ ಜಾಸ್ತಿ ಇರಲಿಲ್ಲ. ಕೆನಡಾದಲ್ಲಿ ಫ್ರೆಂಚರು ಕಟ್ಟಿದ ಕ್ವಿಬೆಕ್‌ನ ಕಥೆಯೂ ಇದೇ: 1608ರ ಮೊದಲ ಚಳಿಗಾಲ ಕಳೆಯಲು ಉಳಿದ 28 ಜನರಲ್ಲಿ 20 ಜನ ಸತ್ತರು.

ಇದನ್ನು ಮಾಡ್‌ನಲ್ಲಿ ತರುವುದು ಹೇಗೆ? ಬೆಳವಣಿಗೆಯನ್ನು ಮುಟ್ಟಬೇಡಿ, ಸಾವನ್ನು ಸೇರಿಸಿ. ಗೇಮ್ ವರ್ಷಕ್ಕೊಮ್ಮೆ ತಾನೇ ಓಡಿಸುವ ವಾರ್ಷಿಕ ಪಲ್ಸ್‌ಗೆ (ಇದು ಆನ್-ಆ್ಯಕ್ಷನ್ಸ್ ಫೋಲ್ಡರ್‌ನಲ್ಲಿದೆ) ಒಂದು ಇವೆಂಟ್, ಅಂದರೆ ಷರತ್ತು ಕೂಡಿದಾಗ ನಡೆಯುವ ಘಟನೆ, ಕಟ್ಟಿ. ಷರತ್ತು: ಪ್ರಾವಿನ್ಸ್ ಇನ್ನೂ ವಸಾಹತೇ ಆಗಿರಬೇಕು, ವಲಸಿಗರು 400ಕ್ಕಿಂತ ಕಡಿಮೆ ಇರಬೇಕು. ಫಲ: ವಲಸಿಗರನ್ನು ಕೂಡಿಸುವ ಆ್ಯಡ್-ಕಾಲೊನಿಸೈಜ್ ಆದೇಶಕ್ಕೆ ಋಣ ಸಂಖ್ಯೆ. ಚಿಕ್ಕ ವಸಾಹತಿಗೆ ದೊಡ್ಡ ಪೆಟ್ಟು, 400 ದಾಟಿದ್ದಕ್ಕೆ ಬಿಡುಗಡೆ. ಇಷ್ಟರಿಂದಲೇ ಆಟದ ಗುಣ ಬದಲಾಗುತ್ತದೆ. ಐದು ಕಡೆ ಒಟ್ಟಿಗೆ ಜನ ಚೆಲ್ಲುವ ಬದಲು ಒಂದೇ ಊರನ್ನು ಮೊದಲು ಗಟ್ಟಿ ಮಾಡಬೇಕು ಅಂತ ಆಡುವವರಿಗೆ ತಾನಾಗಿ ಅನ್ನಿಸುತ್ತದೆ, ವಸಾಹತು ಕಟ್ಟಿದ ನಿಜವಾದ ಕಂಪನಿಗಳಿಗೂ ಅನ್ನಿಸಿದ್ದು ಅದೇ ಅಲ್ವಾ. ಇದನ್ನೇ ಎಂಟಿಟಿಎಚ್ (ಘಟನೆ ಆಗಲು ಸರಾಸರಿ ಎಷ್ಟು ಕಾಲ ಅಂತ ಹೇಳುವ ವಿಧಾನ) ಬಳಸಿ ಎಲ್ಲ ಪ್ರಾವಿನ್ಸ್‌ಗೂ ಬರೆದರೆ ಗೇಮ್ ಎಳೆಯತೊಡಗುತ್ತದೆ, ಅದಕ್ಕೇ ಪಲ್ಸ್.

ಯಾರು ಬರುತ್ತಾರೆ, ಯಾಕೆ ಬರುತ್ತಾರೆ

ಗೇಮ್‌ನಲ್ಲಿ ಫ್ರಾನ್ಸ್‌ನ ಕಾಲೊನಿಸ್ಟ್‌ಗೂ ಇಂಗ್ಲೆಂಡಿನ ಕಾಲೊನಿಸ್ಟ್‌ಗೂ ವ್ಯತ್ಯಾಸವೇ ಇಲ್ಲ. ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇದ್ದದ್ದೇ ಅಲ್ಲಿ. 1630ರ ದಶಕದಲ್ಲಿ ಸುಮಾರು 20,000 ಜನ ಇಂಗ್ಲೆಂಡಿನಿಂದ ನ್ಯೂ ಇಂಗ್ಲೆಂಡಿಗೆ ಹೋದರು. ಬಹಳಷ್ಟು ಪ್ಯೂರಿಟನ್ನರು, ಅವರು ಹೋಗಿದ್ದು ಸಂಸಾರ ಸಮೇತ. ನ್ಯೂ ಫ್ರಾನ್ಸ್‌ನಲ್ಲಿ 1666ರ ಜನಗಣತಿಗೆ ಸಿಕ್ಕಿದ್ದು 3,215 ಜನ, ಅದರಲ್ಲಿ ಗಂಡಸರು 2,034. ಹೆಂಗಸರಿಲ್ಲದೆ ಊರು ಹೇಗೆ ಬೆಳೆಯಬೇಕು? ಅದಕ್ಕೇ 1663ರಿಂದ 1673ರವರೆಗೆ ರಾಜನೇ ಖರ್ಚು ಕೊಟ್ಟು ಸುಮಾರು 800 ಹೆಣ್ಣುಮಕ್ಕಳನ್ನು ಮದುವೆಗೆಂದು ಕಳಿಸಿದ. ಇನ್ನೊಂದು ಕಡೆ, ದೇಶ ಬಿಡಲು ಕಾರಣ ಇದ್ದ ಹ್ಯೂಗನಾಟರು, ಅಂದರೆ ಫ್ರಾನ್ಸ್‌ನ ಪ್ರಾಟೆಸ್ಟಂಟರು, ಅಲ್ಲಿ ನೆಲೆಸುವಂತಿಲ್ಲ ಅಂತ 1627ರಲ್ಲೇ ಬಾಗಿಲು ಹಾಕಿಯಾಗಿತ್ತು.

ಮಾಡ್‌ಗೆ ಇದು ಒಳ್ಳೆಯ ಸರಕು. ರಿಲಿಜಿಯಸ್ ಯೂನಿಟಿ, ಅಂದರೆ ಧಾರ್ಮಿಕ ಏಕತೆ, ಕಡಿಮೆ ಇರುವ ದೇಶಕ್ಕೆ ವಲಸೆ ಹೆಚ್ಚಿಸುವ ಒಂದು ಟ್ರಿಗರ್ಡ್ ಮಾಡಿಫೈಯರ್ (ಷರತ್ತು ಕೂಡಿದಾಗ ಅಂಕಿಗಳನ್ನು ಏರಿಳಿಸುವ ನಿಯಮ) ಬರೆಯಿರಿ. ಜೊತೆಗೆ ಒಂದು ಡಿಸಿಷನ್: ಭಿನ್ನಮತದವರನ್ನು ಹೋಗಲು ಬಿಡಬೇಕೋ ಬೇಡವೋ. ಬಿಟ್ಟರೆ ವಸಾಹತು ಬೇಗ ತುಂಬುತ್ತದೆ, ಆದರೆ ವಸಾಹತು ರಾಷ್ಟ್ರದ ಲಿಬರ್ಟಿ ಡಿಸೈರ್, ಅಂದರೆ ಸ್ವತಂತ್ರವಾಗುವ ಹಂಬಲ, ಏರುತ್ತದೆ. ಬಿಡದಿದ್ದರೆ ಮಾತು ಕೇಳುವ, ಜನವಿಲ್ಲದ ಕೆನಡಾ. ನನ್ನ ಲೆಕ್ಕದಲ್ಲಿ ಇಡೀ ಮಾಡ್‌ನಲ್ಲಿ ಆಡಲು ಮಜಾ ಕೊಡುವ ಆಯ್ಕೆ ಇದೊಂದೇ.

ಉಷ್ಣವಲಯದ ಗೋಜಲು

1870ರ ಹೊತ್ತಿಗೂ ಆಫ್ರಿಕಾದ ಹತ್ತರಲ್ಲಿ ಒಂದು ಪಾಲು ನೆಲ ಮಾತ್ರ ಯುರೋಪಿನವರ ಕೈಯಲ್ಲಿತ್ತು. ಗೇಮ್ ಮುಗಿಯುವುದೇ 1821ಕ್ಕೆ. ಅಂದಮೇಲೆ ಒಳನಾಡು ಅವರಿಗೆ ಸಿಗಲೇಬಾರದು. ಸೋಮಾರಿ ದಾರಿ ಒಂದಿದೆ: ಕ್ಲೈಮೇಟ್ ಫೈಲ್‌ನಲ್ಲಿ ಆ ಪ್ರಾವಿನ್ಸ್‌ಗಳನ್ನು ದಾಟಲಾಗದ ಪಟ್ಟಿಗೆ ಸೇರಿಸಿಬಿಡುವುದು. ಬೇಡ. ಹಾಗೆ ಮಾಡಿದರೆ ಅಲ್ಲಿನ ರಾಜ್ಯಗಳೂ ಅತ್ತಿತ್ತ ಅಲುಗಾಡುವಂತಿಲ್ಲ. ಪೋರ್ಚುಗೀಸರು 1482ರಲ್ಲಿ ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಎಲ್ಮಿನಾ ಕೋಟೆ ಕಟ್ಟಿದರೂ ಒಳಗೆ ಹೋಗಲಿಲ್ಲ. ಮಲೇರಿಯಾ ಒಂದು ಕಾರಣ, ಒಳಗಿದ್ದ ಬಲವಾದ ರಾಜ್ಯಗಳು ಇನ್ನೊಂದು. ಬರಿ ರೋಗ ಹಾಕಿ ರಾಜ್ಯಗಳನ್ನು ಬಿಟ್ಟರೆ ಅರ್ಧ ಕಥೆ ಹೇಳಿದ ಹಾಗೆ. ಆದ್ದರಿಂದ ಖಾಲಿ ಅಂತ ತೋರಿಸಿದ ಪ್ರಾವಿನ್ಸ್‌ಗಳಿಗೆ ಹಿಸ್ಟರಿ ಫೈಲ್‌ನಲ್ಲಿ, ಅಂದರೆ ಆ ಪ್ರಾವಿನ್ಸ್‌ನ ಆರಂಭದ ಸ್ಥಿತಿ ಬರೆದಿರುವ ಫೈಲ್‌ನಲ್ಲಿ, ಆದಷ್ಟು ಒಡೆಯರನ್ನು ಕೊಡಿ, ಉಳಿದವಕ್ಕೆ ಆಫ್ರಿಕಾಕ್ಕೇ ಮೀಸಲಾದ ರೋಗದ ಮಾಡಿಫೈಯರ್ ಹಾಕಿ.

ಕೆರಿಬಿಯನ್‌ಗೆ ಅದನ್ನೇ ಅಂಟಿಸಬೇಡಿ. ಇಂಗ್ಲಿಷರು ಬಾರ್ಬಡೋಸ್‌ನಲ್ಲಿ ನೆಲೆಸಿದ್ದು 1627ರಲ್ಲಿ, ಅಲ್ಲಿ ಹಳದಿ ಜ್ವರ ಎದ್ದದ್ದು 1647ರಲ್ಲಿ. ಗುಲಾಮರ ಹಡಗುಗಳ ಜೊತೆ ಆಫ್ರಿಕಾದಿಂದ ಬಂದ ರೋಗ ಅದು. ಹಾಗಾಗಿ ಆ ದ್ವೀಪಗಳ ಮಾಡಿಫೈಯರ್‌ಗೆ ಇಸವಿಯ ಷರತ್ತು ಇರಲಿ. ಆಮೇಲೂ ದ್ವೀಪಗಳು ಸಕ್ಕರೆಯಿಂದ ಹಣ ತಂದವು, ಯಾಕೆಂದರೆ ಸತ್ತವರ ಜಾಗಕ್ಕೆ ಹೊಸ ಗುಲಾಮರನ್ನು ಹಿಡಿದು ತರುತ್ತಲೇ ಇದ್ದರು. ಮಾಡ್‌ನಲ್ಲಿ ಸಕ್ಕರೆಯ ಆದಾಯ ಏರಿಸಿ ಈ ಭಾಗವನ್ನು ಸುಮ್ನೆ ಬಿಟ್ಟುಬಿಡುವವರಿದ್ದಾರೆ. ಅದು ವಾಸ್ತವ ಅಲ್ಲ, ಲೆಕ್ಕದಿಂದ ಒಂದು ಸಾಲು ಹರಿದು ಹಾಕಿದಂತೆ.

ಏಷ್ಯಾಕ್ಕೆ ಕಾಲೊನಿಸ್ಟ್ ಬೇಕಾಗುವುದೇ ಕಡಿಮೆ. ನಮ್ಮ ಕರಾವಳಿಯನ್ನೇ ನೋಡಿ: 1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದದ್ದು ಹೊನ್ನಾವರದ ತಿಮ್ಮಯ್ಯನ ಸಲಹೆ, ಸಹಾಯದಿಂದ. ಆಮೇಲೆ ಹೊನ್ನಾವರ, ಬಸ್ರೂರು, ಮಂಗಳೂರಲ್ಲಿ ಪೋರ್ಚುಗೀಸ್ ಕೋಟೆಗಳು ಎದ್ದವು, ಆದರೆ ಅವರು ಘಟ್ಟ ಹತ್ತಲಿಲ್ಲ. ಅವರಿಗೆ ಬೇಕಿದ್ದದ್ದು ಮೆಣಸು ಮತ್ತು ಅಕ್ಕಿ; ನೆಲ ಅಲ್ಲ. 17ನೇ ಶತಮಾನದಲ್ಲಿ ಕೆಳದಿಯವರು ಆ ಕೋಟೆಗಳನ್ನೂ ಕಿತ್ತುಕೊಂಡರು. ಇಲ್ಲಿ ಗೇಮ್‌ನಲ್ಲೇ ಇರುವ ಟ್ರೇಡ್ ಕಂಪನಿ (ವ್ಯಾಪಾರಿ ಕಂಪನಿ) ವ್ಯವಸ್ಥೆಯನ್ನೇ ಸ್ವಲ್ಪ ತಿದ್ದಿದರೆ ಸಾಕು: ಕರಾವಳಿಯ ಪ್ರಾವಿನ್ಸ್‌ಗೆ ಲಾಭ, ಒಳನಾಡಿನದಕ್ಕೆ ದಂಡ.

ಸ್ಥಳೀಯರು ಬರಿ ಸಂಖ್ಯೆ ಅಲ್ಲ

ಖಾಲಿ ಪ್ರಾವಿನ್ಸ್‌ನ ಹಿಸ್ಟರಿ ಫೈಲ್ ತೆರೆದರೆ ಮೂರು ಸಾಲು ಕಾಣುತ್ತವೆ: ನೇಟಿವ್ ಸೈಜ್ (ಸ್ಥಳೀಯರ ಸಂಖ್ಯೆ), ಫೆರಾಸಿಟಿ (ಉಗ್ರತೆ), ಹಾಸ್ಟೈಲ್‌ನೆಸ್ (ಹಗೆತನ). ಸೈಜ್ ನೂರರ ಲೆಕ್ಕದಲ್ಲಿದೆ, 10 ಅಂದರೆ 1000 ಜನ. ಇಡೀ ಒಂದು ಸಮಾಜ ಈ ಮೂರು ಅಂಕಿಗಳಲ್ಲಿ ಮುಗಿದುಹೋಗಿದೆ. 2021ರಲ್ಲಿ ಲೆವಯಾಥನ್ ಎಂಬ ವಿಸ್ತರಣೆ ಬಂದಮೇಲೆ ಉತ್ತರ ಅಮೆರಿಕದ ಬುಡಕಟ್ಟುಗಳ ಸ್ವಂತ ನೆಲ, ಒಕ್ಕೂಟದ ವಿಷಯ ಎಲ್ಲ ಸ್ವಲ್ಪ ಸುಧಾರಿಸಿದೆ.

ಕಾಯಿಲೆಯ ಇವೆಂಟ್ ಬರೆಯುವಾಗ ಒಂದು ಎಚ್ಚರ. ವಸಾಹತು ಶುರುವಾದಮೇಲೆ ಕಾಯಿಲೆ ಅಂತ ಟ್ರಿಗರ್, ಅಂದರೆ ಇವೆಂಟ್ ಶುರುವಾಗುವ ಷರತ್ತು, ಹಾಕುವುದು ಸುಲಭ, ಆದರೆ ನಡೆದದ್ದು ಹಾಗಲ್ಲ. 1616ರಿಂದ 1619ರ ನಡುವೆ, ಯುರೋಪಿನ ಮೀನುಗಾರರು, ವ್ಯಾಪಾರಿಗಳು ಬಂದುಹೋಗುತ್ತಿದ್ದ ಕಾಲದಲ್ಲೇ, ನ್ಯೂ ಇಂಗ್ಲೆಂಡ್ ಕರಾವಳಿಯ ಮೂಲನಿವಾಸಿಗಳ ಪಟಕ್ಸೆಟ್ ಎಂಬ ಊರು ರೋಗಕ್ಕೆ ಬರಿದಾಗಿತ್ತು. 1620ರಲ್ಲಿ ಬಂದ ಇಂಗ್ಲಿಷರು ಪ್ಲಿಮತ್ ಎಂಬ ಊರು ಕಟ್ಟಿದ್ದು ಆ ಊರಿನವರು ಉತ್ತಿದ್ದ ಹೊಲಗಳ ಮೇಲೆ. ಆದ್ದರಿಂದ ಟ್ರಿಗರ್ ಸಂಪರ್ಕಕ್ಕೆ ಹಾಕಿ, ನೆಲೆಸುವುದಕ್ಕಲ್ಲ. ಆ ದೇಶವನ್ನು ಯುರೋಪಿನ ಯಾರಾದರೂ ಕಂಡುಹಿಡಿದ ಕೆಲವು ವರ್ಷಗಳಲ್ಲಿ ಬೇಸ್ ಟ್ಯಾಕ್ಸ್ (ಮೂಲ ತೆರಿಗೆ), ಮ್ಯಾನ್‌ಪವರ್ (ಸೈನ್ಯಕ್ಕೆ ಸಿಗುವ ಜನಬಲ) ಇಳಿಯಲಿ.

ಪರೀಕ್ಷೆ ಮಾಡುವುದು

ಗೇಮ್‌ಗೆ ಆದೇಶ ಬರೆಯುವ ಕನ್ಸೋಲ್‌ನಲ್ಲಿ ಅಬ್ಸರ್ವ್ ಕೊಟ್ಟು, ವೇಗ ಐದಕ್ಕಿಟ್ಟು, ದೇಶಗಳನ್ನು ನಡೆಸುವ ಎಐಗಳನ್ನೇ ಆಡಲು ಬಿಡಿ. ಹಿಂದೆ ಹೋಗಿ ತಿದ್ದಲು ಬಿಡದ ಐರನ್‌ಮ್ಯಾನ್ ಬಗೆಯ ಆಟದಲ್ಲಿ ಕನ್ಸೋಲ್ ತೆರೆಯುವುದಿಲ್ಲ, ಮಾಮೂಲಿ ಸೇವ್ ಬೇಕು. 1600ಕ್ಕೆ ನಿಲ್ಲಿಸಿ ಉತ್ತರ ಅಮೆರಿಕ ನೋಡಿ, 1700ಕ್ಕೆ ನಿಲ್ಲಿಸಿ ಕಾಂಗೋ ನೋಡಿ. ಎಐಗೆ ನಿಮ್ಮ ಇವೆಂಟ್‌ಗಳು ಅರ್ಥವಾಗುವುದಿಲ್ಲ, ಜನ ಸಾಯುತ್ತಿದ್ದರೂ ಅದೇ ಜಾಗಕ್ಕೆ ಹಣ ಸುರಿಯುತ್ತಲೇ ಇರುತ್ತದೆ. ಒಂದು ಮಟ್ಟಿಗೆ ಅದೂ ಸರಿ ಅನ್ನಿ: ಸ್ಕಾಟ್ಲೆಂಡ್ 1698ರಿಂದ 1700ರವರೆಗೆ ಪನಾಮಾದ ಡೇರಿಯನ್‌ನಲ್ಲಿ ಮಾಡಿದ್ದೂ ಇದನ್ನೇ, ಹೋದವರಲ್ಲಿ ಹೆಚ್ಚಿನವರು ಸತ್ತರು, ದೇಶದ ಹಣವೂ ಮುಳುಗಿತು. ಆದರೆ ಎಲ್ಲ ದೇಶಗಳೂ ಪ್ರತಿ ಆಟದಲ್ಲೂ ದಿವಾಳಿಯಾಗುತ್ತಿದ್ದರೆ ಎಐಗೆ ಮಾತ್ರ ಸಾವಿನ ಪ್ರಮಾಣ ಸ್ವಲ್ಪ ಇಳಿಸಿ. ಇವೆಂಟ್ ಹೆಸರಿನ ಜಾಗದಲ್ಲಿ ಬರಿ ಕೋಡ್ ಕಂಡರೆ, ತೆರೆಯ ಮೇಲಿನ ಮಾತುಗಳಿರುವ ಲೋಕಲೈಸೇಷನ್ ಫೈಲನ್ನು ಯುಟಿಎಫ್-8 ಬಿಒಎಂ ಎಂಬ ಅಕ್ಷರ ವಿಧಾನದಲ್ಲಿ ಸೇವ್ ಮಾಡಿದ್ದೀರಾ ಅಂತ ಮೊದಲು ನೋಡಿ. ಅದಲ್ಲದೆ ಬೇರೆ ಏನೇ ಕೆಟ್ಟರೂ ಮೊದಲು ಗೇಮ್ ತಪ್ಪುಗಳನ್ನು ಬರೆದಿಡುವ ಎರರ್ ಲಾಗ್ ಫೈಲ್ ತೆರೆಯಿರಿ. ಮುಚ್ಚದ ಒಂದು ಆವರಣ ಚಿಹ್ನೆ ಅದರ ಕೆಳಗಿನ ಇವೆಂಟ್‌ಗಳನ್ನೆಲ್ಲ ನುಂಗಿ ಕೂತಿರುವುದೇ ಜಾಸ್ತಿ.