ಗದ್ದಲ ಒಂದು ಕಡೆ, ಆಟಗಾರರು ಇನ್ನೊಂದು ಕಡೆ

ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳಿಸುವವರು ರ್‍ಯಾಂಕಿಂಗ್ ನೋಡ್ತಾರೆ, ಫೀಸು ನೋಡ್ತಾರೆ. ಆಟದ ಬಗ್ಗೆ ಕೇಳುವವರು ಕಡಿಮೆ. ಅಲ್ಲಿನ ಕ್ಯಾಂಪಸ್ ಬದುಕನ್ನು ಅರ್ಧ ರೂಪಿಸಿರುವುದೇ ಆಟ.

1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ಹುಡುಗರು ನ್ಯೂ ಹ್ಯಾಂಪ್‌ಶೈರ್‌ನ ಸರೋವರವೊಂದರಲ್ಲಿ ದೋಣಿ ಪಂದ್ಯ ಆಡಿದರು. ಅಮೆರಿಕದಲ್ಲಿ ಕಾಲೇಜು ಕಾಲೇಜುಗಳ ನಡುವೆ ನಡೆದ ಮೊದಲ ಪಂದ್ಯ ಅದು. ಖರ್ಚು ಕೊಟ್ಟಿದ್ದು ಒಂದು ರೈಲು ಕಂಪನಿ. ಪ್ರವಾಸಿಗರು ಬರಲಿ ಅಂತ! ದುಡ್ಡು ಮೊದಲ ದಿನವೇ ಆಟದ ಜೊತೆ ಸೇರಿಕೊಂಡಿತ್ತು.

ಆಮೇಲೆ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹಬ್ಬಿತು. ಅದಕ್ಕೆ ತಡೆ ಹಾಕಿದ್ದು ಶಿಕಾಗೊ ಯೂನಿವರ್ಸಿಟಿ. 1935ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು ಮೊದಲ ಬಾರಿಗೆ ಗೆದ್ದ ಜೇ ಬರ್ವಾಂಗರ್ ಅಲ್ಲಿನ ಹುಡುಗ. ನಾಲ್ಕೇ ವರ್ಷಕ್ಕೆ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಫುಟ್‌ಬಾಲನ್ನೇ ನಿಲ್ಲಿಸಿಬಿಟ್ಟರು. ಓದೇ ಮುಖ್ಯ ಎನ್ನುವುದು ಅವರ ಹಟ. 1942ರಲ್ಲಿ ಅಲ್ಲಿನ ಫುಟ್‌ಬಾಲ್ ಸ್ಟೇಡಿಯಂನ ಗ್ಯಾಲರಿ ಕೆಳಗೆ ವಿಜ್ಞಾನಿ ಎನ್ರಿಕೊ ಫರ್ಮಿ ತಂಡ ಪರಮಾಣು ಸರಣಿ ಕ್ರಿಯೆ ನಡೆಸಿ ತೋರಿಸಿತು. 1969ರಲ್ಲಿ ಫುಟ್‌ಬಾಲ್ ಮರಳಿತು, ಆದರೆ ಸಣ್ಣ ಮಟ್ಟದಲ್ಲಿ. ಶಿಕಾಗೊ ಅಂದರೆ ಪುಸ್ತಕದ ಹುಳುಗಳ ಊರು ಎಂಬ ಹೆಸರು ಇವತ್ತಿಗೂ ಇದೆ.

ಡ್ಯೂಕ್ ಯೂನಿವರ್ಸಿಟಿ ಇದಕ್ಕೆ ಪೂರ್ತಿ ಉಲ್ಟಾ. ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕಾಗಿ ವಿದ್ಯಾರ್ಥಿಗಳು ಚಳಿಯಲ್ಲಿ ವಾರಗಟ್ಟಲೆ ಟೆಂಟ್ ಹಾಕಿ ಕಾಯ್ತಾರೆ. ಟೆಂಟ್ ಹಾಕುವ ಜಾಗಕ್ಕೆ ತಂಡದ ಹಿಂದಿನ ಕೋಚ್ ಶಶೆವ್‌ಸ್ಕಿ ಹೆಸರೇ ಬಿದ್ದಿದೆ.

ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್ ಎಂಬ ಗುಂಪಿನ ಎಂಟು ಯೂನಿವರ್ಸಿಟಿಗಳು 1954ರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಬೇಡ ಅಂತ ಒಪ್ಪಂದ ಮಾಡಿಕೊಂಡವು. ಹಾಗಾದರೆ ಅಲ್ಲಿ ಆಟಗಾರರು ಕಡಿಮೆ ಇರಬೇಕು, ಅಲ್ವಾ? ಇಲ್ಲ. ಲಕ್ಷ ಜನ ಕೂರುವ ಸ್ಟೇಡಿಯಂ ಇರುವ ಮಿಷಿಗನ್ ಯೂನಿವರ್ಸಿಟಿಯಲ್ಲಿ 30 ಸಾವಿರಕ್ಕೂ ಹೆಚ್ಚು ಪದವಿ ವಿದ್ಯಾರ್ಥಿಗಳಿದ್ದಾರೆ. ಯೂನಿವರ್ಸಿಟಿ ತಂಡಗಳಲ್ಲಿ ಆಡುವವರು ಸಾವಿರದ ಆಸುಪಾಸು. ಹಾರ್ವರ್ಡ್‌ನಲ್ಲಿ ಸುಮಾರು 7 ಸಾವಿರ ಜನರಲ್ಲಿ 1,200 ಆಟಗಾರರು. ಒಂದು ಕಡೆ ಎಲ್ಲರೂ ಪ್ರೇಕ್ಷಕರು. ಇನ್ನೊಂದು ಕಡೆ ರೂಂಮೇಟೇ ಆಟಗಾರ. ಬೆಳಗಿನ ಜಾವಕ್ಕೆ ಪ್ರಾಕ್ಟೀಸಿಗೆ ಎದ್ದು ಹೋಗ್ತಾನೆ, ಅವನ ಗೆಳೆಯರ ಬಳಗವೂ ತಂಡದ್ದೇ.

ನನಗೆ ಬೇಸರ ತರುವುದು ಪ್ರವೇಶದ ವಿಷಯ. ಹಾರ್ವರ್ಡ್ ಮೇಲಿನ ಮೊಕದ್ದಮೆಯಲ್ಲಿ ಹೊರಬಂದ ಅಂಕಿ ನೋಡಿ: ಕೋಚ್‌ಗಳು ಆರಿಸಿದವರಲ್ಲಿ 100ಕ್ಕೆ ಸುಮಾರು 86 ಮಂದಿಗೆ ಸೀಟು ಸಿಕ್ಕಿತ್ತು. ದೋಣಿ, ಸ್ಕ್ವಾಷ್, ಫೆನ್ಸಿಂಗ್ ಕಲಿಯಲು ದುಡ್ಡು ಬೇಕು. ಬಡ ಮಕ್ಕಳಿಗೆ ಆ ಬಾಗಿಲು ಎಲ್ಲಿ ತೆರೆಯುತ್ತೆ? 2019ರಲ್ಲಿ ಬಯಲಾದ ಹಗರಣದಲ್ಲಿ ಶ್ರೀಮಂತರು ಲಂಚ ಕೊಟ್ಟು ಮಕ್ಕಳನ್ನು ಆಟಗಾರರೆಂದು ತೋರಿಸಿದ್ದು ಇದೇ ದಾರಿಯಲ್ಲಿ.

2025ರಲ್ಲಿ ಆಟಗಾರರಿಗೆ ಯೂನಿವರ್ಸಿಟಿಯೇ ನೇರವಾಗಿ ದುಡ್ಡು ಕೊಡಲು ಕೋರ್ಟ್ ಒಪ್ಪಿತು. ಡ್ಯೂಕ್, ಮಿಷಿಗನ್ ಸೇರಿಕೊಂಡವು. ಐವಿ ಲೀಗ್ ಬೇಡ ಅಂದಿತು.